ಎಳೆಯಬೇಡಿ

ಸೈರನ್ ಕೂಗಿದಾಗ ಊರು ಮಧ್ಯಾಹ್ನದ ನಿದ್ದೆಯಲ್ಲಿತ್ತು.
ನಾನು ಶಾಲೆಯ ಬಿಳಿ ನಿಲುವಂಗಿಗೆ
ಮೂರನೆಯ ಗುಂಡಿ ಹಚ್ಚುತ್ತಿದ್ದೆ.
ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿ ಓಡಿದೆ.
ನಮಗೆ ಸಂಬಳವಿಲ್ಲ. ಕಸಾಯಿ ಅಂಗಡಿಯ ಎವಾರಿಸ್ತೋ
ಏಪ್ರನ್ನಿನಲ್ಲೇ ಗಾಡಿ ಹತ್ತಿದ;
ದನದ ಡಾಕ್ಟರು ನೆಲಿದಾ ಹಗ್ಗದ ಚೀಲದ ಮೇಲೆ ಕೂತು
ಕೊಕ್ಕೆಗಳನ್ನು ಎಣಿಸಿದಳು,
ಜಪಮಣಿ ಎಣಿಸುವಂತೆ.

ಪಾಂಪಾ ಎಂದರೆ ಬಯಲು. ಆ ಬಯಲಲ್ಲಿ ಎದ್ದು ನಿಂತದ್ದು
ಕಣಜಗಳು ಮಾತ್ರ: ತಗಡಿನವು, ದುಂಡನೆಯವು,
ಸಾಂತಾ ಫೆಯ ಬಿಸಿಲನ್ನು ಹಿಂದಕ್ಕೆ ಎಸೆಯುವವು.
ನಾಲ್ಕನೆಯ ಕಣಜ. ಆರುನೂರು ಟನ್ ಮೆಕ್ಕೆಜೋಳ.
ನಡುವೆ ಒಂದು ತಲೆ, ಎರಡು ತೋಳು.
ಹೆಸರು ನಾಸಾರೆನೋ. ವಯಸ್ಸು ಹತ್ತೊಂಬತ್ತು.

ಮೇಲಿನ ಬಾಗಿಲಿನಿಂದ ಅವನ ಅಪ್ಪ, ಜೊತೆಗೆ ಮೂವರು,
ಟ್ರ್ಯಾಕ್ಟರಿನ ಹಗ್ಗ ಇಳಿಬಿಟ್ಟು ಎಳೆಯುತ್ತಿದ್ದರು.
ಎಳೆಯಬೇಡಿ, ಎಂದೆ.
ಕೇಳಲಿಲ್ಲ. ಅಪ್ಪ ಅನ್ನುವವನು
ಎಳೆಯದೆ ಇನ್ನೇನು ಮಾಡಿಯಾನು?
ಎಳೆಯಬೇಡಿ! ಎವಾರಿಸ್ತೋ ಅವನ ಮುಂಗೈ ಹಿಡಿದುಬಿಟ್ಟ.
ಅಪ್ಪ ನನ್ನತ್ತ ಉಗುಳಿದ. ಸರಿ.

ಕಾಳು ನೀರಲ್ಲ. ನೀರು ಮುಳುಗಿಸಿದರೂ
ಒಂದು ದಿನ ಮೇಲಕ್ಕೆ ತರುತ್ತದೆ.
ಕಾಳು ಹಿಡಿಯುತ್ತದೆ.
ಹುಡುಗ ಉಸಿರು ಬಿಟ್ಟಾಗ ಎದೆ ತಗ್ಗಿದಷ್ಟು ಜಾಗಕ್ಕೆ
ನಾಲ್ಕು ಕಾಳು ಇಳಿದು ಕೂರುತ್ತವೆ;
ಮತ್ತೆ ಉಸಿರು ತುಂಬಿಕೊಳ್ಳಲು ಹೋದರೆ
ಆ ಜಾಗ ಅವನದಲ್ಲ.
ಎದೆಮಟ್ಟ ಹೂತವನನ್ನು ಕೀಳುವಷ್ಟು ಬಲ ಹಾಕಿದರೆ
ಹಗ್ಗಕ್ಕೆ ಬರುವುದು ಇಡೀ ಹುಡುಗನಲ್ಲ.
ಇದನ್ನು ಅಪ್ಪನಿಗೆ ಹೇಳುವ ಭಾಷೆ
ನಮ್ಮ ತರಬೇತಿಯ ಪುಸ್ತಕದಲ್ಲಿ ಇರಲಿಲ್ಲ.

ನಾನು ಹಗುರ. ಅದಕ್ಕೇ ನಾನು ಇಳಿದೆ,
ಕಾಳಿನ ಮೇಲೆ ಹಲಗೆ, ಹಲಗೆಯ ಮೇಲೆ ಮಂಡಿ.
ಫೋನು ಹೊರಗೆ, ಕಬ್ಬಿಣದ ಬಕಲ್ಲು ಹೊರಗೆ;
ಅಲ್ಲಿನ ಧೂಳು ಒಂದೇ ಕಿಡಿಗೆ ಕಾಯುತ್ತಿರುತ್ತದೆ.
ಅಲ್ಯೂಮಿನಿಯಂ ಪಟ್ಟಿಗಳನ್ನು ಒಂದೊಂದಾಗಿ ಇಳಿಸಿಕೊಟ್ಟರು.
ಅವನ ಸುತ್ತ ನೆಟ್ಟೆ, ಅಂಚಿಗೆ ಅಂಚು ಸೇರಿಸಿದೆ.
ಹೊಲಿಗೆಯವಳಿಗೆ ಅದೇನು ಹೊಸದಲ್ಲ,
ತೋಳಿಗೆ ಕಫ್ ಕೂಡಿಸಿದ ಹಾಗೆ.
ಆಮೇಲೆ ಡಬ್ಬ. ಡಬ್ಬ ಹಿಡಿಸದ ಕಡೆ ಬೊಗಸೆ.
ಪಟ್ಟಿಗಳ ಒಳಗಿನ ಜೋಳವನ್ನಷ್ಟೇ
ಮೊಗೆದು ಮೊಗೆದು ಆಚೆ ಚೆಲ್ಲಿದೆ.

"ಇದು ಆಗಲೇ ಮಾರಾಟವಾದ ಜೋಳ, ಗೊತ್ತಾ?
ಸೋಮವಾರ ರೊಸಾರಿಯೋದಲ್ಲಿ ಹಡಗು ಹತ್ತಬೇಕು."
"ಮಾತಾಡಬೇಡ."
"ಮಾತಾಡ್ತಾ ಇರು ಅಂತ ಮೇಲಿನ ಅಕ್ಕ ಹೇಳಿದರಲ್ಲ."
ಮೇಲಿನಿಂದ ನೆಲಿದಾ: "ಹೌದು, ಹೇಳಿದೆ."
"ಸರಿ. ಮೆಲ್ಲಗೆ ಮಾತಾಡು."
ಅವನ ಬೂಟು ಹೊಸದಂತೆ. ಎರಡು ಕಂತು ಬಾಕಿಯಂತೆ.
ಬೂಟು ಉಳಿಸಿಕೊಡಬಹುದಾ ಎಂದ.
ಆಗುವುದಿಲ್ಲ ಎಂದೆ.
ಅಷ್ಟು ಹೊತ್ತು ಅಳದವನು ಆಗ ಅತ್ತ.

ಹೋದ ವರ್ಷ ಇದೇ ರಸ್ತೆಯಲ್ಲಿ ಇನ್ನೊಂದು ಕಣಜ.
ಅಲ್ಲಿ ಮಾತಾಡಲು ಯಾರೂ ಇರಲಿಲ್ಲ.
ತಗಡು ಕೊಯ್ದು ಕಾಳು ಸುರಿಸಿದೆವು,
ಮಾಲೀಕ ಸುರಿದ ರಾಶಿಯನ್ನೇ ನೋಡುತ್ತಿದ್ದ.
ಅದರ ಬಗ್ಗೆ ಇಷ್ಟೇ.

ಆರೂವರೆಗೆ ಸೊಂಟ ಕಂಡಿತು. ಏಳೂಕಾಲಿಗೆ ಮಂಡಿ.
ಆಮೇಲೆ ಜೋಳ ತಾನಾಗಿ ಹಿಡಿತ ಸಡಿಲಿಸಿತು,
ಬಾಕಿ ವಸೂಲಿಗೆ ಬಂದವನು ಎದ್ದುಹೋದಂತೆ,
ಒಂದು ಬೂಟನ್ನು ತನ್ನಲ್ಲೇ ಇಟ್ಟುಕೊಂಡು.

ಮೂರು ವಾರದ ಮೇಲೆ ಅಂಗಡಿಗೆ ಅಪ್ಪ ಬಂದ.
ಅಂಗಿಯೊಂದನ್ನು ಮೇಜಿನ ಮೇಲಿಟ್ಟ. ಗುಂಡಿ ಹೋಗಿದೆ.
ಎರಡೂ ಅಂಗೈಗೆ ಅಡ್ಡಲಾಗಿ ಹಗ್ಗ ಕೊರೆದ ಗಾಯ,
ಹೊಸ ಚರ್ಮ ಬಂದು ಗುಲಾಬಿ ಬಣ್ಣಕ್ಕೆ ತಿರುಗಿತ್ತು.
ನಾನು ದಾರ ಪೋಣಿಸಿದೆ.
"ಎಳೆದೇ ಬಿಟ್ಟಿದ್ದರೆ?" ಅಂದ, ಕಿಟಕಿಯ ಕಡೆ ನೋಡುತ್ತ.
ಎರಡೆಳೆ ದಾರ. ನಾಲ್ಕು ತೂತು. ಗಂಟು.
ಹಲ್ಲಿನಲ್ಲಿ ಕಚ್ಚಿ ತುಂಡರಿಸಿದೆ.
ಅರ್ಧ ಬೆಲೆ ಹೇಳಿದೆ.
ಅವನು ಪೂರ್ತಿ ಕೊಟ್ಟ.